ಭಜನೆ ಸ್ಟುಡಿಯೋದಲ್ಲಿ ರ‍್ಯಾಪ್ ಆಲ್ಬಂ: ಮಿಕ್ಸಿಂಗ್ ಕಣ್ಣುಮುಚ್ಚಿ ಕೊಡಿ, ಪ್ಯಾಕೇಜ್ ಫಾರಂ ಕಣ್ಣುಬಿಟ್ಟು ಓದಿ

ಶಿವಮೊಗ್ಗದ ದುರ್ಗಿಗುಡಿ ಕಡೆ ಹಾಡೋ ಹುಡುಗರಿಗೆಲ್ಲ ಈ ಸ್ಟುಡಿಯೋ ಗೊತ್ತು. ಕೆಳಗೆ ಟೈಲರ್ ಅಂಗಡಿ, ಪಕ್ಕದಲ್ಲಿ ಕಡಿದಾದ ಮೆಟ್ಟಿಲು, ಮೇಲೆ ಶೀಟ್ ಹೊದೆಸಿದ ರೂಮು. ಇಲ್ಲಿಗೆ ಬರೋ ಕೆಲಸದಲ್ಲಿ ಮುಕ್ಕಾಲು ಪಾಲು ಭಕ್ತಿಗೀತೆ, ಭಜನಾ ಮಂಡಳಿ, ಚುನಾವಣೆ ಬಂತು ಅಂದ್ರೆ ಆಟೋದಲ್ಲಿ ಕೂಗಿಸೋ ಪ್ರಚಾರದ ಹಾಡು. ನಾನು ರ‍್ಯಾಪರ್. ಹಗಲು ಹೊತ್ತು ಅಡಿಕೆ ಮಂಡಿಯಲ್ಲಿ ಬಿಲ್ ಬರೀತೀನಿ, ಸಂಜೆ ಮೇಲೆ ಇಲ್ಲಿ. ಎಂಟು ಹಾಡಿನ ಆಲ್ಬಂ ಮಾಡ್ತಾ ಇದೀನಿ, ಎರಡು ಸಿಂಗಲ್ (ಒಂಟಿಯಾಗಿ ಬಿಡೋ ಹಾಡು) ಈಗಾಗಲೇ ಹೊರಗೆ ಬಂದಿವೆ. ಹಾಗಾಗಿ ಇದು ಒಂದು ಸಲ ಹೋಗಿ ಬಂದು ಬರೆಯೋ ರಿವ್ಯೂ ಅಲ್ಲ.

ಮೊದಲು ರೆಕಾರ್ಡಿಂಗ್. ಗಂಟೆಗೆ 400 ರೂಪಾಯಿ. ಬೂತ್ ಅಂದ್ರೆ ಹಳೇ ಹಾಸಿಗೆ, ಜಮಖಾನ ನೇತುಹಾಕಿದ ಒಂದು ಮೂಲೆ. ನೋಡಿದ್ರೆ ನಗು ಬರುತ್ತೆ, ಹೆಡ್‌ಫೋನ್ ಹಾಕ್ಕೊಂಡು ಕೇಳಿದ್ರೆ ನಗು ನಿಲ್ಲುತ್ತೆ. ಸ್ಟುಡಿಯೋದ ಅಣ್ಣ ಮೊದಲು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸ್ತಿದ್ದವರು. ರ‍್ಯಾಪ್ ಅವರಿಗೆ ಇಷ್ಟ ಅಂತೇನಿಲ್ಲ, ಆದರೆ ಕಿವಿ ಮಾತ್ರ ಭಾರಿ ಚುರುಕು. ನನ್ನ ಒಂದು ವರ್ಸ್‌ನಲ್ಲಿ ಮಂಡಿಯ ಲೆಕ್ಕ ಬರುತ್ತೆ, ಅಡಿಕೆಯ ಬಗೆಗಳು ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಒಂದೇ ಉಸಿರಿಗೆ. ಬಕಾರ, ಪಕಾರ ಬಂದಲ್ಲೆಲ್ಲ ಮೈಕಿಗೆ ಗಾಳಿ ಹೊಡೆದು ಡಬ್ ಡಬ್ ಅಂತಿತ್ತು, ಗಾಳಿ ತಡೆಯೋ ಪಾಪ್ ಫಿಲ್ಟರ್ ಇದ್ದರೂ. ಅಣ್ಣ ಎದ್ದು ಬಂದು ಒಂದು ಪೆನ್ಸಿಲ್ ತಗೊಂಡು, ಮೈಕಿನ ಮೂತಿಯ ಮುಂದೆ ನಡುವಿಗೆ ಲಂಬವಾಗಿ ನಿಲ್ಲೋ ಹಾಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದರು. ಗಾಳಿ ಎರಡು ಕಡೆ ಸೀಳಿ ಹೋಗುತ್ತೆ, ಒಳಗಿನ ತೆಳು ಪರದೆಗೆ ನೇರ ಬಡಿಯಲ್ಲ. "ಈಗ ಹೊಡಿ ಮಾರಾಯ" ಅಂದ್ರು. ಮುಂದಿನ ಟೇಕ್ ಕ್ಲೀನ್ ಬಂತು, ಅದೇ ಆಲ್ಬಂಗೆ ಹೋಗ್ತಿರೋದು.

ಮಳೆಗಾಲದಲ್ಲಿ ಮಾತ್ರ ಇಲ್ಲಿ ಗಾಯನದ ಕೆಲಸ ಇಟ್ಕೋಬೇಡಿ. ಶೀಟಿನ ಮೇಲೆ ಮಳೆ ಬಿದ್ದರೆ ಎಂಥ ಹಾಸಿಗೆ ನೇತುಹಾಕಿದರೂ ಅಷ್ಟೇ. ಸೆಷನ್ ರದ್ದಾದರೆ ದುಡ್ಡು ಹಿಡಿಯಲ್ಲ, ಅದು ಅವರ ದೊಡ್ಡತನ. ಕರೆಂಟ್ ಹೋದರೆ ಕಂಪ್ಯೂಟರ್ ಯುಪಿಎಸ್ ಮೇಲೆ ನಡೆಯುತ್ತೆ, ಎಸಿ ನಡೆಯಲ್ಲ, ಬೂತ್ ಒಳಗೆ ಬೆವರಿನ ಸ್ನಾನ. ಗಣಪತಿ ಹಬ್ಬದ ಮುಂಚಿನ ದಿನಗಳಲ್ಲೂ ಹೋಗಬೇಡಿ, ಡಿಜೆ ಟ್ರ್ಯಾಕ್ ಮಾಡಿಸೋರ ಸಾಲು ಮೆಟ್ಟಿಲ ತನಕ ಇರುತ್ತೆ.

ಮಿಕ್ಸಿಂಗ್ (ಬೇರೆ ಬೇರೆ ರೆಕಾರ್ಡ್ ಮಾಡಿದ ದನಿಗಳನ್ನ ಹದವಾಗಿ ಸೇರಿಸೋದು), ಮಾಸ್ಟರಿಂಗ್ (ಬಿಡುಗಡೆಗೆ ಮುಂಚಿನ ಕೊನೆಯ ಹದ) ಸೇರಿ ಹಾಡಿಗೆ 3,500. ಈ ದುಡ್ಡಿಗೆ ಸಿಗೋ ಕೆಲಸದ ಬಗ್ಗೆ ನನಗೆ ಎರಡು ಮಾತಿಲ್ಲ. ಒಂದು ಹಾಡಿಗೆ ಸಾಗರದ ಕಡೆಯ ಹುಡುಗರಿಂದ ಡೊಳ್ಳು ಹೊಡೆಸಿದ್ವಿ. ಕೋಲು ಬೀಳೋ ಬದಿಗೊಂದು, ಅಂಗೈ ಬಡಿಯೋ ಬದಿಗೊಂದು ಮೈಕ್ ಇಟ್ಟರು. ಕೆಳಗೆ ನನ್ನ ಬೀಟಿನ 808 ಬೇಸ್, ಅಂದ್ರೆ ಡ್ರಮ್ ಮಷಿನ್ನಿನ ಆಳದ ಗುಂಯ್ ಸದ್ದು, ಇತ್ತು. ಎರಡೂ ಒಂದೇ ಜಾಗದಲ್ಲಿ ಗುದ್ದಾಡಿ ಯಾವುದೂ ಕೇಳ್ತಿರಲಿಲ್ಲ. ನಾನು ಡೊಳ್ಳು ತಗ್ಗಿಸೋಣ ಅಂದೆ. ಅಣ್ಣ ಒಪ್ಪಲಿಲ್ಲ. "ಆ ಬೇಸು ಇಂಟರ್ನೆಟ್ಟಲ್ಲಿ ಯಾರಿಗೆ ಬೇಕಾದ್ರೂ ಸಿಗುತ್ತೆ, ಈ ಡೊಳ್ಳು ಸಿಗುತ್ತಾ?" ಅಂತ ಕೇಳಿ, ಡೊಳ್ಳು ಬಿದ್ದಾಗೆಲ್ಲ 808 ಒಂದು ಕ್ಷಣ ತಲೆ ತಗ್ಗಿಸೋ ಹಾಗೆ ಮಾಡಿದರು. ಜೋರು ಜೋರು ಅಂತ ಕೊನೆಯ ಮಾಸ್ಟರ್ ಫೈಲನ್ನ ಹಿಂಡೋದೂ ಇಲ್ಲ. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗಲ್ಲಿ ಎಲ್ಲ ಹಾಡನ್ನೂ ಸುಮಾರು ಮೈನಸ್ 14 ಲಫ್ಸ್ (ಕಿವಿಗೆ ಕೇಳೋ ಜೋರಿನ ಅಳತೆ) ಮಟ್ಟಕ್ಕೆ ತರುತ್ತೆ. ಅಷ್ಟೆಲ್ಲ ಹಿಂಡಿ ಕೊಟ್ಟರೂ ಅಲ್ಲಿ ಅದು ಮತ್ತೆ ಇಳಿಯುತ್ತೆ, ಹೊಡೆತ ಸತ್ತುಹೋಗಿರುತ್ತೆ ಅಷ್ಟೆ.

ಈಗ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ವಿಷಯ. ಬಿಡುಗಡೆಯ ಪ್ಲಾನು. ಇದಕ್ಕೆ ಅವರು ಬೇರೆ ದುಡ್ಡು ತಗೊಳ್ಳಲ್ಲ, ಗೋಡೆ ಮೇಲಿರೋ ಸೊಸೈಟಿ ಕ್ಯಾಲೆಂಡರ್ ಇಳಿಸಿ ಟೀಪಾಯಿ ಮೇಲೆ ಹಾಸ್ತಾರೆ. ಎಂಟೂ ಹಾಡು ಒಂದೇ ದಿನ ಬಿಡ್ತೀನಿ ಅನ್ನೋದು ನನ್ನ ಆಸೆ. ಅಣ್ಣ ಲೆಕ್ಕ ಹಾಕಿದರು. ಸ್ಪಾಟಿಫೈಯಲ್ಲಿ 2024ರಿಂದ ಒಂದು ಹಾಡು ಹಿಂದಿನ 12 ತಿಂಗಳಲ್ಲಿ 1,000 ಸಲ ಪ್ಲೇ ಆಗದೇ ಇದ್ದರೆ ಆ ಹಾಡಿಗೆ ದುಡ್ಡೇ ಹುಟ್ಟಲ್ಲ. ಆಲ್ಬಂಗೆ ಒಟ್ಟಾಗಿ ಅಲ್ಲ, ಒಂದೊಂದು ಹಾಡಿಗೂ ಪ್ರತ್ಯೇಕ. ಒಟ್ಟಿಗೆ ಸುರಿದರೆ ಜನ ಮೊದಲಿನ ಎರಡು ಕೇಳ್ತಾರೆ, ಐದನೇದು ಆರನೇದು ಯಾರ ಕಿವಿಗೂ ಬೀಳಲ್ಲ. ಅದಕ್ಕೆ ಮೊದಲು ಒಂದು ಸಿಂಗಲ್. ಎರಡನೇದು ಬಿಡುವಾಗ ಮೊದಲನೇದನ್ನೂ ಅದರ ಬೆನ್ನಿಗೆ ಕಟ್ಟಿ ಬಿಡೋದು. ಹೀಗೆ ಬೆಳೆಸ್ತಾ ಹೋಗಿ ಕೊನೆಗೆ ಆಲ್ಬಂ. ಹಾಡಿಗೆ ಸಿಗೋ 12 ಅಕ್ಷರ, ಅಂಕಿಗಳ ಗುರುತಿನ ಐಎಸ್‌ಆರ್‌ಸಿ ಕೋಡ್ ಪ್ರತಿ ಸಲವೂ ಅದೇ ಇರಬೇಕು, ಆಡಿಯೋ ಫೈಲೂ ಹೆಸರೂ ಬದಲಾಗಬಾರದು. ಆಗ ಹಳೇ ಪ್ಲೇಗಳ ಲೆಕ್ಕ ಆಲ್ಬಂಗೂ ಬರುತ್ತೆ. ಮಧ್ಯದಲ್ಲಿ ಮಿಕ್ಸ್ ಇನ್ನೊಂಚೂರು ತಿದ್ದೋಣ ಅಂತ ಹೊರಟರೆ ಅಣ್ಣ ಕೈಗೇ ಹೊಡೀತಾರೆ.

ಇನ್ನೊಂದು ಸೂಕ್ಷ್ಮ. ಸ್ಪಾಟಿಫೈಯವರ ಪ್ಲೇಲಿಸ್ಟ್ ತಂಡಕ್ಕೆ ನಾವೇ ಹಾಡು ಕಳಿಸಬಹುದು, ಆದರೆ ಇನ್ನೂ ಬಿಡುಗಡೆ ಆಗದ ಹಾಡನ್ನು ಮಾತ್ರ, ಒಂದು ಸಲಕ್ಕೆ ಒಂದೇ. ಕಡೇ ಪಕ್ಷ 7 ದಿನ ಮುಂಚೆ ಕಳಿಸಿದರೆ ನಮ್ಮನ್ನ ಫಾಲೋ ಮಾಡೋರಿಗೆ ಸಿಗೋ ಹೊಸ ಹಾಡಿನ ಪಟ್ಟಿಯಾದ ರಿಲೀಸ್ ರೇಡಾರ್‌ನಲ್ಲೂ ಬರುತ್ತೆ. ಅಂದ್ರೆ ಒಳ್ಳೇ ಹಾಡನ್ನೆಲ್ಲ ಸಿಂಗಲ್ ಮಾಡಿ ಮುಗಿಸಿದರೆ ಆಲ್ಬಂ ದಿನ ಕಳಿಸೋಕೆ ಸಪ್ಪೆ ಹಾಡು ಉಳಿಯುತ್ತೆ. ನನ್ನ ಡೊಳ್ಳಿನ ಹಾಡನ್ನ ಅದಕ್ಕೇ ಎತ್ತಿಟ್ಟಿದ್ದೀವಿ. ಕ್ಯಾಲೆಂಡರಲ್ಲಿ ಬಿಡುಗಡೆಯ ಶುಕ್ರವಾರಕ್ಕೆ ಕೆಂಪು ಸುತ್ತು ಹಾಕಿ, ಅಲ್ಲಿಂದ ಹಿಂದಕ್ಕೆ ನಾಲ್ಕು ವಾರ ಎಣಿಸಿ "ಅಪ್‌ಲೋಡ್" ಅಂತ ಬರೀತಾರೆ. ಕೊಯ್ಲಿನ ತಿಂಗಳುಗಳಲ್ಲಿ ನನಗೆ ಮಂಡಿಯಲ್ಲಿ ತಲೆ ಎತ್ತೋಕೆ ಪುರುಸೊತ್ತಿಲ್ಲ, ಮಾರ್ಚ್ ಏಪ್ರಿಲ್‌ನಲ್ಲಿ ಕೇಳೋ ಹುಡುಗರಿಗೆ ಪರೀಕ್ಷೆ, ಅದರ ಮೇಲೆ ಐಪಿಎಲ್. ಎಲ್ಲ ಕಳೆದು ಉಳಿದದ್ದು ಮೇ ಕೊನೆ. ಆಲ್ಬಂ ಅವಾಗ.

ಕವರ್ ಫೋಟೋ ಇಲ್ಲಿ ಮಾಡಿಸಬೇಡಿ. ಪಕ್ಕದ ಫ್ಲೆಕ್ಸ್ ಅಂಗಡಿಗೆ ಕಳಿಸ್ತಾರೆ, ಆ ಹುಡುಗ ಅಭ್ಯಾಸಬಲದಿಂದ ಮೂಲೆಯಲ್ಲಿ ಮೊಬೈಲ್ ನಂಬರ್ ಹಾಕಿಬಿಡ್ತಾನೆ. ಕವರ್ ಮೇಲೆ ಫೋನ್ ನಂಬರ್, ವೆಬ್‌ಸೈಟ್ ಇದ್ದರೆ ಅಪ್‌ಲೋಡ್ ಮಾಡಿದಲ್ಲಿಂದ ವಾಪಸ್ ಬರುತ್ತೆ. ಚೌಕಾಕಾರ, 3000 ಬೈ 3000 ಪಿಕ್ಸೆಲ್, ಹೆಸರು ಬಿಟ್ಟು ಬೇರೇನೂ ಬೇಡ ಅಂತ ಹೇಳಿ ಗೊತ್ತಿರೋರ ಹತ್ರ ಮಾಡಿಸಿ.

ಒಂದು ಸ್ಟಾರ್ ಕಿತ್ತುಕೊಂಡಿದ್ದು ಯಾಕೆ ಅಂದ್ರೆ ಅವರ ಪ್ಯಾಕೇಜಿಗೆ. ರೆಕಾರ್ಡಿಂಗಿಂದ ಅಪ್‌ಲೋಡ್ ತನಕ ಎಲ್ಲ ನಾವೇ ನೋಡ್ಕೋತೀವಿ ಅನ್ನೋ ಸ್ಕೀಮು. ಒಂದು ಪುಟದ ಫಾರಂ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಡಿನ "ಸರ್ವ ಹಕ್ಕುಗಳೂ" ಸ್ಟುಡಿಯೋದ್ದು ಅಂತ ಒಂದು ಸಾಲು. ಅಣ್ಣನ್ನ ಕೇಳಿದೆ. "ಅದು ಭಕ್ತಿಗೀತೆ ಕ್ಯಾಸೆಟ್ ಕಾಲದ ಫಾರಂ ಮಾರಾಯ, ಯಾರೂ ಓದಲ್ಲ" ಅಂತ ನಕ್ಕು, ಪೆನ್ನಲ್ಲಿ ಹೊಡೆದುಹಾಕಿ ಸಹಿ ಮಾಡಿದರು. ನನ್ನ ಮಟ್ಟಿಗೆ ಸರಿಹೋಯ್ತು. ಆದರೆ ಕಾಲೇಜು ಹುಡುಗರು ಕೇಳದೆ ಸಹಿ ಹಾಕಿ ಹೋಗೋದನ್ನ ನಾನೇ ನೋಡಿದೀನಿ. ಅಣ್ಣ ಒಳ್ಳೆಯವರು ಅನ್ನೋದು ಬೇರೆ, ಕಾಗದ ಬೇರೆ. ಸಾಹಿತ್ಯ ಬರೆದವರಿಗೂ ರಾಗ ಹಾಕಿದವರಿಗೂ, ಹಕ್ಕು ಬೇರೆಯವರಿಗೆ ಬರೆದುಕೊಟ್ಟ ಮೇಲೂ, ಆ ಹಕ್ಕು ಪಡೆದವರ ಜೊತೆ ರಾಯಲ್ಟಿಯಲ್ಲಿ ಸಮಪಾಲು ಅಂತ 2012ರ ಕಾಪಿರೈಟ್ ತಿದ್ದುಪಡಿ ಹೇಳುತ್ತೆ. ಆ ದುಡ್ಡು ವಸೂಲಿ ಮಾಡೋಕೆ ಹಾಡು ಬರೆಯೋರ, ರಾಗ ಹಾಕೋರ ಸೊಸೈಟಿಯಾದ ಐಪಿಆರ್‌ಎಸ್ ಇದೆ. ಹೀಗಿರುವಾಗ ಫಾರಂನಲ್ಲಿ ಆ ಸಾಲು ಯಾಕೆ? ಹೊಸ ಫಾರಂ ಪ್ರಿಂಟ್ ಹಾಕಿಸೋಕೆ ಎಷ್ಟು ಖರ್ಚಾಗುತ್ತೆ?

ಅದೇ ಪ್ಯಾಕೇಜಲ್ಲಿ ಯೂಟ್ಯೂಬ್ ಕಂಟೆಂಟ್ ಐಡಿಗೂ (ನಮ್ಮ ಆಡಿಯೋ ಬೇರೆಯವರ ವಿಡಿಯೋದಲ್ಲಿ ಬಂದರೆ ತಾನೇ ಹುಡುಕಿ ಕ್ಲೇಮ್ ಹಾಕೋ ವ್ಯವಸ್ಥೆ) ಎಲ್ಲರ ಹಾಡಿಗೂ ಟಿಕ್ ಹಾಕಿ ಬಿಡ್ತಾರೆ. ಭಜನೆಗೆ ಸ್ವಂತ ಸಂಗೀತ ಇರುತ್ತೆ, ತೊಂದರೆ ಇಲ್ಲ. ನಮ್ಮಲ್ಲಿ ಬಹಳಷ್ಟು ಜನ ಲೀಸ್ ಬೀಟ್ ಮೇಲೆ, ಅಂದ್ರೆ ಬೇರೆಯವರು ಮಾಡಿದ್ದನ್ನ ದುಡ್ಡು ಕೊಟ್ಟು ಬಳಸೋ ಸಂಗೀತದ ಮೇಲೆ, ಹಾಡೋರು. ಅದೇ ಬೀಟನ್ನ ಇನ್ನೂ ಹತ್ತಾರು ಜನ ಕೊಂಡಿರ್ತಾರೆ. ಟಿಕ್ ಹಾಕಿದರೆ ಅವರ ವಿಡಿಯೋಗಳಿಗೆಲ್ಲ ನಮ್ಮ ಹೆಸರಲ್ಲಿ ಕ್ಲೇಮ್ ಹೋಗುತ್ತೆ, ಆಮೇಲೆ ಬೀಟ್ ಮಾಡಿದವನು ನಮ್ಮ ಮೇಲೆ ತಿರುಗಿ ಬೀಳ್ತಾನೆ. ಲೀಸ್ ಪತ್ರದಲ್ಲಿ ಸಾಮಾನ್ಯವಾಗಿ ಇದನ್ನ ಮಾಡಬಾರದು ಅಂತಲೇ ಬರೆದಿರುತ್ತೆ.

ಅಪ್‌ಲೋಡ್ ನೀವೇ ನಿಮ್ಮ ಹೆಸರಿನ ಖಾತೆಯಿಂದ ಮಾಡಿ. ಹಾಡನ್ನ ಸ್ಪಾಟಿಫೈ ಥರದ ಕಡೆಗೆಲ್ಲ ತಲುಪಿಸೋಕೆ ವರ್ಷಕ್ಕೊಮ್ಮೆ ದುಡ್ಡು ಕಟ್ಟೋ ಸೇವೆಗಳೂ ಇವೆ, ಮುಂಗಡ ಏನೂ ತಗೊಳ್ಳದೆ ಗಳಿಕೆಯಲ್ಲಿ ಪಾಲು ಹಿಡಿಯೋವೂ ಇವೆ. ವರ್ಷದ ಲೆಕ್ಕದ್ದಾದರೆ ಕಟ್ಟೋದು ನಿಲ್ಲಿಸಿದ ಮೇಲೆ ಹಾಡು ಉಳಿಯುತ್ತಾ ಇಲ್ವಾ ಅನ್ನೋದನ್ನ ಮೊದಲೇ ನೋಡ್ಕೊಳ್ಳಿ.

ಐದಕ್ಕೆ ನಾಲ್ಕು ಸ್ಟಾರ್. ಹೋಗೋ ಮುಂಚೆ ಫೋನ್ ಮಾಡಿ, ಸಂಜೆ ಆರರ ಮೇಲಾದರೆ ಅಣ್ಣನೇ ಕೂತಿರ್ತಾರೆ. ಹಗಲಲ್ಲಿ ಕೂರೋ ಹುಡುಗ ರೆಕಾರ್ಡಿಂಗಿಗೆ ಪರವಾಗಿಲ್ಲ, ಮಿಕ್ಸ್ ಮಾತ್ರ ಅವನ ಕೈಗೆ ಕೊಡಬೇಡಿ. ಹಾಡಿನ ಸ್ಟೆಮ್ ಫೈಲುಗಳನ್ನ (ದನಿ, ಬೀಟು, ವಾದ್ಯ ಬೇರೆ ಬೇರೆಯಾಗಿರೋ ಫೈಲು) ಕೇಳಿ ಇಸ್ಕೊಳ್ಳಿ, ಕೇಳಿದರೆ ಇಲ್ಲ ಅನ್ನಲ್ಲ, ಕೇಳದಿದ್ದರೆ ಕೊಡಲ್ಲ. ಪೆನ್ ಡ್ರೈವ್ ನೀವೇ ತಗೊಂಡು ಹೋಗಿ.