ಚಿಂಚೋಳಿಯ ವಲಸೆ ಹಕ್ಕಿ ಪ್ರವಾಸಕ್ಕೆ ಮುಂಗಡ ಕಟ್ಟುವ ಮುನ್ನ ಇದನ್ನು ಓದಿ

ಮಳೆಗಾಲ ಮುಗಿಯುವ ಹೊತ್ತಿಗೆ ಕಲಬುರಗಿ, ಬೀದರ್ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಅಪರೂಪದ ವಲಸೆ ಹಕ್ಕಿಗಳ ಛಾಯಾಗ್ರಹಣ ಪ್ರವಾಸ, ದರ್ಶನ ಖಾತ್ರಿ’ ಎಂಬ ಪೋಸ್ಟರ್‌ಗಳು ಕಾಣಿಸಿಕೊಳ್ಳುತ್ತವೆ. ಕಳೆದ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿಗೆ ಹೊರಟ ಅಂಥದೊಂದು ತಂಡದಲ್ಲಿ ನಾನಿದ್ದೆ. ಕಚೇರಿಯ ಗೆಳೆಯರು ತಲಾ ನಾಲ್ಕೂವರೆ ಸಾವಿರ ರೂಪಾಯಿಯನ್ನು ಫೋನ್‌ಪೇಯಲ್ಲಿ ಮೊದಲೇ ಕಟ್ಟಿ ನನ್ನ ಹೆಸರನ್ನೂ ಸೇರಿಸಿದ್ದರು. ಆಯೋಜಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥವರು ಹೆಸರು ಬದಲಿಸಿಕೊಂಡು ಮತ್ತೆ ಬರುತ್ತಾರಾದ್ದರಿಂದ ಅವರ ವ್ಯವಹಾರದ ರೀತಿ ತಿಳಿದಿರುವುದೇ ಹೆಚ್ಚು ಉಪಯುಕ್ತ.

ಗಾಡಿ ಹೊರಟ ಮೇಲೆ ಕೈಗೆ ಬಂದ ಹಕ್ಕಿಗಳ ಪಟ್ಟಿಯಲ್ಲೇ ಮೊದಲ ಅನುಮಾನ ಹುಟ್ಟಿತು. ರೂಫಸ್ ಟೇಲ್ಡ್ ಸ್ಕ್ರಬ್ ರಾಬಿನ್, ಸ್ಪಾಟೆಡ್ ಫ್ಲೈಕ್ಯಾಚರ್, ರೆಡ್ ಬ್ಯಾಕ್ಡ್ ಶ್ರೈಕ್ ಮೂರೂ ಅದರಲ್ಲಿದ್ದವು. ಇವು ಚಳಿಗಾಲವನ್ನು ಆಫ್ರಿಕಾದಲ್ಲಿ ಕಳೆಯುವ ಹಕ್ಕಿಗಳು. ಅಲ್ಲಿಗೆ ಹೋಗುವ ದಾರಿಯಲ್ಲಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಗುಜರಾತದ ಕಛ್ ಮತ್ತು ರಾಜಸ್ಥಾನದ ಮೂಲಕ ಹಾದುಹೋಗುತ್ತವೆ. ದಾರಿ ತಪ್ಪಿದ ಒಂದೊಂದು ಹಕ್ಕಿ ದಖನ್ನಿಗೂ ಬರಬಹುದು, ಆದರೆ ಅದಕ್ಕೆ ಖಾತ್ರಿ ಕೊಡಲು ಯಾರಿಂದಲೂ ಆಗದು. ಕಛ್ ಪ್ರವಾಸದ ಪಟ್ಟಿಯನ್ನೇ ತೆಗೆದು ಊರಿನ ಹೆಸರು ಬದಲಿಸಿದ್ದರು ಎಂದೇ ನನ್ನ ಅಭಿಪ್ರಾಯ. ನಮ್ಮ ಭಾಗಕ್ಕೆ ನಿಜವಾಗಿ ಬರುವ ಕಪ್ಪು ತಲೆಯ ಮತ್ತು ಕೆಂಪು ತಲೆಯ ಬಂಟಿಂಗ್‌ಗಳು, ಗುಲಾಬಿ ಕಬ್ಬಕ್ಕಿಗಳು, ಜಾಲಿಕಂಟಿಯಲ್ಲಿ ನುಸುಳಾಡುವ ಸಣ್ಣ ಉಲಿಹಕ್ಕಿಗಳು ಅವರಿಗೆ ಲೆಕ್ಕಕ್ಕೇ ಇರಲಿಲ್ಲ.

ಚಿಂಚೋಳಿ ವನ್ಯಜೀವಿಧಾಮಕ್ಕೆ ಪರವಾನಗಿ ಪಡೆದಿದ್ದೇವೆ ಎಂದಿದ್ದರು, ಪಡೆದಿರಲಿಲ್ಲ. 2011ರಲ್ಲಿ ಘೋಷಣೆಯಾದ ಈ ಧಾಮದೊಳಗೆ ಹೋಗಲೂ ಛಾಯಾಚಿತ್ರ ತೆಗೆಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಬ್ಬಂದಿ ಕಾಗದ ಕೇಳಿದಾಗ ನಮ್ಮ ಮಾರ್ಗದರ್ಶಕ ಪಕ್ಕಕ್ಕೆ ಹೋಗಿ ಯಾರಿಗೋ ಫೋನ್ ಮಾಡಿ ಬಂದು, ‘ಹೊರಗಿನ ಕೆರೆಯಲ್ಲೇ ಹಕ್ಕಿ ಜಾಸ್ತಿ’ ಎಂದು ಗಾಡಿ ತಿರುಗಿಸಿದ.

ಆ ಕೆರೆಯ ದಂಡೆಯಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಜೊಂಡಿನ ಬುಡದಲ್ಲಿ ಒಂದು ಬ್ಲೂಥ್ರೋಟ್ ಇತ್ತು. ಗುಬ್ಬಿಯಷ್ಟೇ ಗಾತ್ರ, ಕಂದು ಬೆನ್ನು, ಗಂಟಲಲ್ಲಿ ಇನ್ನೂ ಪೂರ್ತಿ ಮೂಡದ ನೀಲಿ. ಬಾಲ ಕೊಡವಿದಾಗಲೆಲ್ಲ ಅದರ ಬುಡದ ಇಟ್ಟಿಗೆಗೆಂಪು ಮಿಂಚುತ್ತಿತ್ತು. ಸುಮ್ಮನೆ ಕುಳಿತಿದ್ದರೆ ಅದು ತಾನಾಗಿ ಕೆಸರಿಗೆ ಇಳಿದು ಹುಳು ಹೆಕ್ಕುತ್ತಿತ್ತು. ಮಾರ್ಗದರ್ಶಕ ಬ್ಲೂಟೂತ್ ಸ್ಪೀಕರನ್ನು ಕಂಟಿಯ ಕೆಳಗಿಟ್ಟು ಅದೇ ಜಾತಿಯ ಹಾಡನ್ನು ನಿಲ್ಲಿಸದೆ ಹಾಕಿದ, ಎದುರಿನ ಕಲ್ಲಿನ ಮೇಲೆ ಡಬ್ಬಿಯಿಂದ ಜೀವಂತ ಹುಳುಗಳನ್ನು ಸುರಿದ. ತನ್ನ ಜಾಗಕ್ಕೆ ಮತ್ತೊಂದು ಹಕ್ಕಿ ನುಗ್ಗಿದೆಯೆಂದು ತಿಳಿದ ಅದು ಬಯಲಿಗೆ ಬಂದು ಬಾಲ ಬಿಚ್ಚಿ ಅತ್ತಿತ್ತ ಹಾರಾಡಿತೇ ಹೊರತು ಒಂದು ಹುಳುವನ್ನೂ ಮುಟ್ಟಲಿಲ್ಲ. ಕ್ಯಾಮೆರಾಗಳು ಮಾತ್ರ ಬಿಡುವಿಲ್ಲದೆ ಸದ್ದು ಮಾಡುತ್ತಿದ್ದವು. ಇಂಥ ಸಣ್ಣ ಹಕ್ಕಿಗಳು ಬಹುಪಾಲು ರಾತ್ರಿ ಹಾರಿ, ಹಗಲಿನಲ್ಲಿ ತಂಗಿ, ದಾರಿಯಲ್ಲಿ ಕರಗಿದ ಕೊಬ್ಬನ್ನು ಮತ್ತೆ ತುಂಬಿಕೊಳ್ಳುತ್ತವೆ. ಮೇಯಬೇಕಾದ ಬೆಳಗನ್ನು ಸುಳ್ಳು ಎದುರಾಳಿಯ ಹಿಂದೆ ಕಳೆದರೆ ಆ ನಷ್ಟ ತುಂಬುವುದು ಸುಲಭವಲ್ಲ. ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ‘ಬೇಟೆ’ಯ ವ್ಯಾಖ್ಯೆಯಲ್ಲಿ ಕೊಲ್ಲುವುದು, ಹಿಡಿಯುವುದಷ್ಟೇ ಅಲ್ಲ, ಅಟ್ಟುವುದೂ ಆಮಿಷವೊಡ್ಡುವುದೂ ಸೇರಿವೆ. ಇದನ್ನು ನೆನಪಿಸಿದಾಗ, ‘ಎಲ್ಲಾರೂ ಹಿಂಗೇ ಮಾಡ್ತಾರ ಸರ್’ ಎಂಬ ಉತ್ತರ ಬಂತು.

ಮಧ್ಯಾಹ್ನ ಬಂಟಿಂಗ್ ಹಿಂಡೊಂದರ ಹಿಂದೆ ತಂಡವನ್ನು ತೊಗರಿ ಹೊಲಕ್ಕೇ ನುಗ್ಗಿಸಿದರು. ಬದುವಿನ ಮೇಲೆ ನಿಂತ ರೈತರು ಕೂಗಾಡಲಿಲ್ಲ. ‘ಹೂ ಹತ್ಯಾವ್ರಿ ಸರ, ಹಿಂಗ ತುಳದ್ರ ಹ್ಯಾಂಗ್ರಿ?’ ಎಂದಷ್ಟೇ ಕೇಳಿದರು. ಇನ್ನು ಮುಂದೆ ಅವರ ಹೊಲದ ಹತ್ತಿರ ದುರ್ಬೀನು ಹಿಡಿದು ನಿಲ್ಲುವವರಿಗೆ ಎಂಥ ಸ್ವಾಗತ ಸಿಗಬಹುದೆಂದು ಹೇಳಬೇಕಾಗಿಲ್ಲ. ಅಲ್ಲಿ ಸಿಕ್ಕ ಮಸುಕು ಕಂದು ಹೆಣ್ಣು ಹಕ್ಕಿಯೊಂದನ್ನು ಮಾರ್ಗದರ್ಶಕ ಹಿಂದೆಮುಂದೆ ನೋಡದೆ ಕೆಂಪು ತಲೆಯ ಬಂಟಿಂಗ್ ಎಂದು ಸಾರಿ, ಹಕ್ಕಿ ನೋಡುವವರು ತಮ್ಮ ದಾಖಲೆಗಳನ್ನು ಸೇರಿಸುವ ಜಾಲತಾಣ ಈಬರ್ಡ್‌ಗೆ ಹಾಕಿರೆಂದು ಎಲ್ಲರಿಗೂ ಹೇಳಿದ. ಕಪ್ಪು ತಲೆಯ ಮತ್ತು ಕೆಂಪು ತಲೆಯ ಬಂಟಿಂಗ್‌ಗಳ ಹೆಣ್ಣುಗಳನ್ನು, ಅದರಲ್ಲೂ ಶರತ್ಕಾಲದ ಸವೆದ ಗರಿಗಳಲ್ಲಿ, ಬೇರ್ಪಡಿಸುವುದು ಪಳಗಿದವರಿಗೂ ಕಷ್ಟ. ಗೆಳೆಯರು ಹಾಕಿದ ದಾಖಲೆಗೆ ಪರಿಶೀಲಕರಿಂದ ಪ್ರಶ್ನೆ ಬಂದಾಗ ಉತ್ತರಿಸಲು ಆತ ಫೋನೇ ಎತ್ತಲಿಲ್ಲ.

ಆದ್ದರಿಂದ ಯಾರಾದರೂ ಇಂಥ ಪ್ರವಾಸಕ್ಕೆ ಕರೆದರೆ ಹಣ ಕಳಿಸುವ ಮೊದಲು ಅರಣ್ಯ ಇಲಾಖೆಯ ಅನುಮತಿಪತ್ರದ ಪ್ರತಿಯನ್ನು ಕೇಳಿ. ಸ್ಪೀಕರ್ ಬಳಸುತ್ತೀರಾ, ಹುಳು ಹಾಕುತ್ತೀರಾ ಎಂದು ನೇರವಾಗಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಪಟ್ಟಿಯಲ್ಲಿರುವ ಹಕ್ಕಿಗಳು ಈ ಜಿಲ್ಲೆಯಲ್ಲಿ ಯಾವ ತಿಂಗಳಲ್ಲಿ ದಾಖಲಾಗಿವೆ ಎಂಬುದನ್ನು ಈಬರ್ಡ್‌ನಲ್ಲಿ ಪುಕ್ಕಟೆಯಾಗಿ ನೋಡಬಹುದು. ‘ಖಾತ್ರಿ’ ಎಂಬ ಪದವಿರುವ ಪೋಸ್ಟರನ್ನು ಅಲ್ಲಿಗೇ ಬಿಟ್ಟುಬಿಡಿ. ನಮಗೆ ರಸೀದಿಯನ್ನೂ ಕೊಟ್ಟಿರಲಿಲ್ಲ, ಹಣವೂ ಮರಳಿಲ್ಲ. ಈಗಾಗಲೇ ಕಟ್ಟಿ ಮೋಸಹೋದವರು ಪೋಸ್ಟರ್, ಚಾಟ್ ಮತ್ತು ಪಾವತಿಯ ಸ್ಕ್ರೀನ್‌ಶಾಟ್‌ಗಳನ್ನು ಅಳಿಸದೆ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ನಮ್ಮ ದೂರನ್ನೂ ಅಲ್ಲೇ ದಾಖಲಿಸಿದ್ದೇವೆ.