ರಾಯಚೂರಿನ ಬಿಸಿಲಿಗೆ ಎನ್100 ಮಿನಿ ಪಿಸಿ

ಟಿವಿಗೆಂದು ಕಡಿಮೆ ಖರ್ಚಿನಲ್ಲಿ ಮಿನಿ ಪಿಸಿ ಜೋಡಿಸಿದೆ. ಇಂಟೆಲ್ ಎನ್100 ಚಿಪ್ ಇರುವ ಖಾಲಿ ಡಬ್ಬಿ ತಂದು, 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ ನಾನೇ ಕೂರಿಸಿದೆ. ಅದಕ್ಕೆ ಹಾಕಿದ ಲಿಬ್ರಎಲೆಕ್ ಎಂಬ ಆಪರೇಟಿಂಗ್ ಸಿಸ್ಟಂ ಉಚಿತ. ಆನ್ ಮಾಡಿದರೆ ನೇರ ಕೋಡಿ ಎಂಬ ಸಿನಿಮಾ ಪ್ಲೇಯರ್ ತೆರೆಯುತ್ತದೆ. 10 ಬಿಟ್ 4ಕೆ ಎಚ್‌ಇವಿಸಿ (ವಿಡಿಯೊ ಕುಗ್ಗಿಸುವ ಒಂದು ವಿಧಾನ) ಸಿನಿಮಾ ಎಲ್ಲೂ ತಡವರಿಸಲ್ಲ, ಚಿಪ್‌ನೊಳಗೇ ಅದನ್ನು ಬಿಡಿಸುವ ಡಿಕೋಡರ್ ಇದೆ. ಟಿಡಿಪಿ (ಚಿಪ್ ಹೊರಹಾಕುವ ಶಾಖದ ಅಳತೆ) ಬರೀ 6 ವ್ಯಾಟ್. ಕರೆಂಟ್ ಹೋದರೂ ಯುಪಿಎಸ್ ಮೇಲೆ ಆರಾಮಾಗಿ ಓಡುತ್ತದೆ.

ಬೇಸರ ಫ್ಯಾನಿನದು. ಬೇಸಿಗೆಯಲ್ಲಿ ನಮ್ಮೂರು 40 ಡಿಗ್ರಿ ದಾಟಿದಾಗ ಅದರ ಗುಂಯ್ ಸದ್ದು ಮೆಲುಮಾತನ್ನೆಲ್ಲ ನುಂಗುತ್ತದೆ. ಟಿವಿ ಸ್ಟ್ಯಾಂಡಿನೊಳಗೆ ತುರುಕಬೇಡಿ, ಗಾಳಿ ಆಡಲಿ. ಧೂಳೂ ಜಾಸ್ತಿ ಅಲ್ವಾ, ಬ್ರಷ್ ಇಟ್ಟುಕೊಳ್ಳಿ.

ಇದರಲ್ಲಿ ಎಚ್‌ಡಿಎಂಐ ಸಿಇಸಿ (ಟಿವಿ ರಿಮೋಟಿನಿಂದಲೇ ಜೋಡಿಸಿದ ಸಾಧನ ನಡೆಸುವ ಸೌಲಭ್ಯ) ಇಲ್ಲ, ಟಿವಿ ರಿಮೋಟ್ ನಡೆಯಲ್ಲ. ಅಮ್ಮನ ಮೊಬೈಲನ್ನೇ ರಿಮೋಟ್ ಮಾಡಿಕೊಟ್ಟೆ. "ಕೇಬಲ್ಲೇ ಛಲೋ ಇತ್ತು" ಎಂದರು. ಬರೀ ಓಟಿಟಿ ನೋಡುವವರಿಗೆ ಇದು ಸುಮ್ನೆ ಖರ್ಚು, ಟಿವಿಗೆ ಚುಚ್ಚುವ ಸ್ಟ್ರೀಮಿಂಗ್ ಸ್ಟಿಕ್ ಸಾಕು.