ಅಗ್ಗದ ಬಾಸ್ಕೆಟ್‌ಬಾಲ್ ಶೂ: ಹಿಡಿತ ಸೈ, ಮೆತ್ತೆ ಸಾಲದು

ಈ ಶೂವಿನ ಬಲವೆಲ್ಲ ತಳದಲ್ಲಿದೆ. ಹೆರಿಂಗ್‌ಬೋನ್ ಮಾದರಿಯ ಅಂಕುಡೊಂಕು ಗೆರೆಗಳು ಆಳವಾಗಿವೆ; ಸ್ವಚ್ಛವಾದ ಮರದ ಕೋರ್ಟಿನಲ್ಲಿ ಓಡುತ್ತಾ ಥಟ್ಟನೆ ನಿಂತರೂ ಕಾಲು ಜಾರುವುದಿಲ್ಲ. ಈ ಬೆಲೆಗೆ ಇಂಥ ಹಿಡಿತ ನಿಜಕ್ಕೂ ಸಂತೋಷದ ವಿಷಯ. ಧೂಳಿದ್ದರೆ ಮಾತ್ರ ಮೆದು ರಬ್ಬರ್ ಅದನ್ನು ಬೇಗ ಮೆತ್ತಿಕೊಳ್ಳುತ್ತದೆ, ಆಟದ ನಡುವೆ ಒದ್ದೆ ಬಟ್ಟೆಯಿಂದ ತಳ ಒರೆಸಬೇಕು. ಅದೇ ಮೆದುತನದಿಂದಾಗಿ ಸಿಮೆಂಟ್ ಕೋರ್ಟಿನಲ್ಲಿ ಹೆಬ್ಬೆರಳ ಬುಡದ ಗೆರೆಗಳು ಮೊದಲು ಸವೆಯುತ್ತವೆ. ಹೊರಾಂಗಣದಲ್ಲೇ ಆಡುವವರು ಇದನ್ನು ಕೊಳ್ಳಬೇಡಿ.

ಪಾದದಡಿಯ ಮೆತ್ತೆ ಪೂರ್ತಿ ಇವಿಎ ಎಂಬ ಪ್ಲಾಸ್ಟಿಕ್‌ನ ಫೋಮ್. ಹಗುರ, ಪಾದ ನೆಲಕ್ಕೆ ಹತ್ತಿರ, ಚೆಂಡು ಪುಟಿಸುತ್ತಾ ಆಟ ನಡೆಸುವ ಗಾರ್ಡ್‌ಗಳಿಗೆ ಒಗ್ಗುತ್ತದೆ. ಆದರೆ ಫೋಮಿನೊಳಗಿನ ಗಾಳಿಗುಳ್ಳೆಗಳು ಪದೇಪದೇ ಒತ್ತಿಹೋದಂತೆ ಮೊದಲಿನಷ್ಟು ಪುಟಿಯುವುದಿಲ್ಲ. ಹಿಮ್ಮಡಿಯ ಪಕ್ಕದಲ್ಲಿ ಅಡ್ಡ ಸುಕ್ಕುಗಳು ಅಚ್ಚೊತ್ತಿ ನಿಂತರೆ ಮೆತ್ತೆ ಸೋತಿದೆ ಎಂದೇ ತಿಳಿಯಿರಿ. ರೀಬೌಂಡಿಗೆ, ಅಂದರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡಿಗೆ, ಹಾರಿ ಇಳಿಯುವ ಭಾರದ ಆಟಗಾರರ ಮಂಡಿಗೆ ಇದು ಸಾಲದು.

ಅಂಗಡಿಯಲ್ಲೇ ಮಾಡಬೇಕಾದ ಪರೀಕ್ಷೆ: ಮುಂದುಗಡೆ ಮತ್ತು ಹಿಮ್ಮಡಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ. ನಡುಭಾಗ ಬಿಗಿಯಾಗಿ ತಡೆಯಬೇಕು, ಬಾಗಿಸಿದರೆ ಬೆರಳ ಬುಡದಲ್ಲಷ್ಟೇ ಬಾಗಬೇಕು. ಇದರಲ್ಲಿ ಎರಡೂ ಸರಿಯಿವೆ. ಆಟದ ದಪ್ಪ ಸಾಕ್ಸ್ ತೊಟ್ಟು, ಬೆರಳ ಮುಂದೆ ಸುಮಾರು 1 ಸೆಂ.ಮೀ. ಜಾಗ ಬಿಟ್ಟು ಅಳತೆ ಆರಿಸಿ. ಹಿಮ್ಮಡಿ ಮೇಲೇಳುತ್ತಿದ್ದರೆ ಕೊನೆಯ ತೂತಿನವರೆಗೂ ಲೇಸ್ ಏರಿಸಿ ಬಿಗಿಯಿರಿ. ಆಗಲೂ ಎದ್ದರೆ ಅರ್ಧ ಸೈಜ್ ಚಿಕ್ಕದನ್ನು ಹಾಕಿ ನೋಡಿ.